ಕಚ್ಚಲಾರದ ನಾಯಿ

ಮೂರನೆಯ ಏಟು ನಾಯಿಯ ದವಡೆಗೆ ಬಿತ್ತು. ಬೀಳಬೇಕಾಗಿದ್ದದ್ದು ಹೆಂಡತಿಯ ಭುಜಕ್ಕೆ. ಅಡ್ಡ ಬಂದದ್ದು ನಾಯಿಯದೇ ತಪ್ಪು ಎಂದು ಸುತ್ತಿಗೆಯಣ್ಣ ಅಲ್ಲೇ ತೀರ್ಮಾನಿಸಿದ. ಕಬ್ಬಿಣದ ಸರಳನ್ನು ಮೂಲೆಗೆಸೆದು, ಈಗ ಸಮಾಧಾನ ಆಯ್ತಾ ಎಂದು ಹೆಂಡತಿಯನ್ನೇ ಕೇಳಿದ. ಅವಳು ನೆಲದ ರಕ್ತದಲ್ಲೇ ಕೂತು ನಾಯಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು.

ಸುತ್ತಿಗೆಯಣ್ಣನದು ಗುಜರಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹಳೆಯ ಇಂಜಿನ್ನು, ತುಕ್ಕು ಹಿಡಿದ ಬೀರು, ಕೆಟ್ಟ ಫ್ಯಾನು, ಹಗಲೆಲ್ಲ ಒಡೆಯುವುದೇ ಅವನ ಕಸುಬು. ಆ ಕಸುಬನ್ನು ಮನೆಗೂ ತರುತ್ತಿದ್ದ. ಹೆಂಡತಿ ಸಾಕು ಎಂದರಂತೂ ಕೈಗೆ ಇನ್ನಷ್ಟು ಹುರುಪು ಬರುತ್ತಿತ್ತು. ಯಾವಾಗ ಸಾಕೆಂದು ತನಗೆ ಹೇಳಿಕೊಡಲು ಇವಳ್ಯಾರು ಎಂಬುದು ಅವನ ವಾದ.

ಆದರೆ ನಾಯಿ ಬೇಕಿತ್ತು. ಅಂಗಡಿಯ ತಾಮ್ರಕ್ಕೆ ಅದೇ ಕಾವಲು. ಹಾಗಾಗಿ ಅದನ್ನೂ ಹೆಂಡತಿಯನ್ನೂ ಟೆಂಪೋದಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದ. ಗಾಡಿ ಗುದ್ದಿತು ಎಂದ. ಡಾಕ್ಟರಮ್ಮ ನಾಯಿಯ ಮುರಿದ ದವಡೆ ನೋಡಿದರು, ಹೆಂಡತಿಯ ಊದಿದ ಕೆನ್ನೆ ನೋಡಿದರು.

"ಇಬ್ಬರಿಗೂ ಒಂದೇ ಗಾಡೀನಾ?"

ಎಷ್ಟಾಗುತ್ತೆ ಎಂದು ಅವನು ಜೇಬಿಗೆ ಕೈಹಾಕಿದ.

ದವಡೆಗೆ ತಂತಿ ಬಿಗಿದು ಕಳಿಸಿದರು. ಮನೆಗೆ ಬಂದವನೇ ತೀರ್ಪು ಕೊಟ್ಟ. "ವಾಸಿ ಮಾಡ್ಕೋ. ಕಚ್ಚೋಕೆ ಬಾರದ ನಾಯಿ ನನಗೆ ಬೇಡ. ಆಗ್ಲಿಲ್ವೋ, ಚೀಲಕ್ಕೆ ಹಾಕಿ ಕೆರೆಗೆ ಎಸೀತೀನಿ." ಅವನು ಹೇಳಿದ್ದನ್ನು ಮಾಡುವವನೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ನಾಯಿಯ ಪಕ್ಕದಲ್ಲೇ ಹಾಸಿಕೊಂಡಳು. ಸೂಜಿ ತೆಗೆದ ಸಿರಿಂಜಿನಲ್ಲಿ ಹಾಲನ್ನು ತುಟಿಯ ಸಂದಿಗೆ ಬಿಡುತ್ತಿದ್ದಳು. ನುಂಗುವಾಗಲೂ ನಾಯಿ ನರಳುತ್ತಿತ್ತು, ಅವಳು ಅಳುತ್ತಿದ್ದಳು. ತನ್ನ ಜ್ವರಕ್ಕೆ ಇವಳು ಇಷ್ಟು ಮಾಡಿದ್ದಳೇ ಎಂದು ಸುತ್ತಿಗೆಯಣ್ಣನಿಗೆ ಹೊಟ್ಟೆಕಿಚ್ಚು. ಒಂದು ದಿನ ಸಿರಿಂಜನ್ನು ಚಪ್ಪಲಿಗಾಲಲ್ಲಿ ಹೊಸಕಿಹಾಕಿದ. ಅವಳು ಚಮಚ ತಂದಳು.

ತಂತಿ ಬಿಚ್ಚಿದ ಮೇಲೆ, ಡಾಕ್ಟರಮ್ಮ ಹೇಳಿದಂತೆ, ಕಚ್ಚುವ ಅಭ್ಯಾಸ ಶುರುವಾಯಿತು. ಹಿತ್ತಲಲ್ಲಿ ಗೋಣಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನಾಯಿಯ ಬಾಯಲ್ಲಿ. ಮೆತ್ತಗಿರಲಿ ಎಂದು ಅದಕ್ಕೆ ಗಂಡನ ಹಳೆಯ ಅಂಗಿಯ ತೋಳು ಸುತ್ತಿದ್ದಳು. ಮೊದಮೊದಲು ಬಟ್ಟೆ ತಾಗಿದರೂ ಕಿರುಚುತ್ತಿದ್ದ ನಾಯಿ ಬರಬರುತ್ತಾ ಕಚ್ಚಿ ಜೋತುಬೀಳತೊಡಗಿತು. ಒಳಗೆ ಕೂತವನಿಗೆ ಗುರುಗುಟ್ಟುವ ಸದ್ದು ಕೇಳುತ್ತಿತ್ತು, ನಡುನಡುವೆ ಹೆಂಡತಿಯ "ಸಾಕು, ಸಾಕು", ಆಮೇಲೆ ಶಾಬಾಸ್‌ಗಿರಿ. ಕಿಟಕಿಯಲ್ಲಿ ಇಣುಕಿದಾಗಲೆಲ್ಲ ಗೋಣಿ ಬಿಟ್ಟುಕೊಡುತ್ತಿದ್ದವಳು ಅವಳೇ. ನಾಯಿಯ ಕೈಲೂ ಸೋಲುತ್ತಾಳಲ್ಲ ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿನಗೆ ಬರೋದು ಅದೊಂದೇ ಮಾತು. ಪಾಪ, ಅದಕ್ಕೂ ಅದನ್ನೇ ಕಲಿಸು."

"ಕಲಿಸ್ತಿದೀನಿ," ಎಂದಳು.

ಒಂದು ಸಂಜೆ, ತೂಕದ ವಿಷಯಕ್ಕೆ ಗಿರಾಕಿಯ ಜೊತೆ ಕಿತ್ತಾಡಿ ಒಳಗೆ ಬಂದ. ಚಹಾ ಆರಿತ್ತು. ಅದೇ ನೆಪವಾಯಿತು. ಲೋಟ ಹೆಂಡತಿಯ ಹಣೆಗೆ ಬಡಿಯಿತು. ಕೂದಲು ಹಿಡಿದು ಅವಳ ತಲೆಯನ್ನು ಗೋಡೆಗೆ ಗುದ್ದಿದ, ಸರಳನ್ನು ಕೈಗೆತ್ತಿಕೊಂಡ. ನಾಯಿ ಹಾರಿದ್ದು ಕಾಣಲೇ ಇಲ್ಲ. ಮುಂಗೈಯಲ್ಲಿ ಹಲ್ಲು ಇಳಿದದ್ದಷ್ಟೇ ಗೊತ್ತಾಯಿತು. ಸರಳು ಬಿತ್ತು, ಹಿಂದೆಯೇ ಅವನೂ ಬಿದ್ದ.

ಪ್ರಾಣಭಯದಲ್ಲೂ ಅವನಿಗೆ ಹಿತ್ತಲ ಅಭ್ಯಾಸ ನೆನಪಾಯಿತು. "ಸಾಕು!" ಎಂದು ಅಬ್ಬರಿಸಿದ. ಹಲ್ಲು ಇನ್ನೂ ಒಳಗಿಳಿಯಿತು. "ಸಾಕು, ಸಾಕು" ಎಂದು ಗೋಗರೆದ. ಒಳಗೆ ಎಲುಬು ಲಟಕ್ಕೆಂದಿತು. ಹೆಂಡತಿ ಹಣೆಯ ರಕ್ತ ಒರೆಸಿಕೊಳ್ಳುತ್ತಾ ಗೋಡೆಗೊರಗಿ ಕೂತಿದ್ದಳು. ಏನಂದರೆ ಬಿಡುತ್ತದೆ ಹೇಳೇ ಎಂದು ಅವನು ಮಗುವಿನಂತೆ ಅತ್ತ.

"ಈ ಮನೇಲಿ ಸಾಕು ಅಂದ್ರೆ ಇನ್ನೂ ಜೋರಾಗಿ ಅಂತ ತಾನೇ ಅರ್ಥ? ಅದಕ್ಕೂ ಹಾಗೇ ಕಲಿಸಿದೀನಿ," ಎಂದಳು ಅವಳು. "ಬಿಡೋ ಮಾತು ಇನ್ನೂ ಕಲಿಸಿಲ್ಲ."