ಹತ್ತು ನೀಲಿ ಉಗುರು

ಜ್ವರದ ಗುಳಿಗೆ ನುಂಗಿದರೆ ಉಗುರು ನೀಲಿಯಾಗುತ್ತಿದ್ದ ಕಾಲವದು. ಒಂದು ಗುಳಿಗೆಗೆ ಒಂದು ಉಗುರು. ಒಂದು ದಿನ ಕಳೆದರೆ ಬಣ್ಣ ತಾನಾಗಿ ಇಳಿಯುತ್ತಿತ್ತು. ಕೈ ನೋಡದೆ ಯಾವ ಅಂಗಡಿಯವರೂ ಗುಳಿಗೆ ಕೊಡುತ್ತಿರಲಿಲ್ಲ.

ಮರುದಿನ ಮದುವೆ ಇಟ್ಟುಕೊಂಡು ಸುಮಿತ್ರಾಳಿಗೆ ಜ್ವರ, ನೆಗಡಿ, ಮೈಕೈ ನೋವು ಒಟ್ಟಿಗೇ ಬಂದಿದ್ದವು. ಬೆಳಗಿನಿಂದ ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ನುಂಗಿಸಿದ ಅಕ್ಕ ದಾಕ್ಷಾಯಣಿ, ಇನ್ನೊಂದಿಷ್ಟು ಕೊಳ್ಳಲು ಅವಳನ್ನು ಬಸಲಿಂಗಪ್ಪನ ಔಷಧಿ ಅಂಗಡಿಗೆ ಕರೆತಂದಳು.

"ಮೊದಲ ಉಗುರಬಣ್ಣ ಒರಸ್ರಿ," ಎಂದು ಬಸಲಿಂಗಪ್ಪ ಹತ್ತಿ ಕೊಟ್ಟ.

ಮದುಮಗಳ ಕೆಂಪು ಬಣ್ಣದಡಿ ಹತ್ತೂ ಉಗುರು ಕಡುನೀಲಿಯಾಗಿದ್ದವು. ದಾಕ್ಷಾಯಣಿ ಒಂದೊಂದಾಗಿ ಮತ್ತೆ ಎಣಿಸಿದಳು.

"ಜ್ವರದ್ದು ನಾಕ ಕೊಟ್ಟೇನ್ರಿ! ಉಳದದ್ದು ನೆಗಡೀದು, ಮೈಕೈ ನೋವಿಂದು."

"ಹೆಸರಷ್ಟ ಬ್ಯಾರೆ, ಯವ್ವಾ. ಮೂರರಾಗೂ ಅದ ಜ್ವರದ ಔಷಧ ಐತಿ. ಗುಳಿಗಿ ಪಟ್ಟಿ ಹಿಂದ ಬರದದ್ದು ಓದಲಿಲ್ಲೇನು?"

"ಆದ್ರ ಅಕಿ ನೆಟ್ಟಗ ನಡದ ಬಂದಾಳಲ್ರೀ!"

"ಇಷ್ಟು ನುಂಗಿದ್ರ ಲಿವರ್ ಕೆಡತೈತಿ, ಅದು ಮೊದಲ ದಿನ ಗೊತ್ತಾಗಂಗಿಲ್ಲ. ಈಗಿಂದೀಗ ದವಾಖಾನಿಗೆ ನಡೀರಿ."

ಹೇಗೆ ಆಟೋ ಹತ್ತಿದಳೋ ದಾಕ್ಷಾಯಣಿಗೆ ನೆನಪಿಲ್ಲ. ದವಾಖಾನೆಯಲ್ಲಿ ರಕ್ತ ತೆಗೆದು, ಸಲೈನಿನ ಜೊತೆ ವಿಷ ಇಳಿಸುವ ಮದ್ದು ಏರಿಸಿದರು. ಮದುವೆ ಮುಂದೆ ಹೋಯಿತು.

"ಹೊತ್ತಿಗೆ ಸರಿಯಾಗಿ ಬಂದೀರಿ, ಉಳೀತಾಳ," ಎಂದ ಡಾಕ್ಟರಮ್ಮ ಹತ್ತೂ ಉಗುರು ನೋಡಿ ಕೇಳಿದರು: "ಇಷ್ಟು ಗುಳಿಗಿ ಕೊಟ್ಟವರು ಯಾರು?"

ದಾಕ್ಷಾಯಣಿ ಒಂದು ಹೆಜ್ಜೆ ಮುಂದೆ ಬಂದಳು.

"ಯಾರೂ ಕೊಟ್ಟಿಲ್ರೀ," ಎಂದಳು ಸುಮಿತ್ರಾ, ಅಕ್ಕನ ಕೈ ಹಿಡಿದು. "ನಾನ ನುಂಗೇನಿ."