ಮೀನು ಮಾರ್ಕೆಟ್ಟಿನ ಗಟಾರ

ಪುರಸಭೆ ಹಿಂದೆ ಕೊಂಡಿದ್ದ ಹೂಳೆಳೆಯುವ ಮಷೀನಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕರೆ ಸಾಕು, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಆಮೇಲೆ ಗಟಾರಕ್ಕೆ ಇಳಿಯಬೇಕಾದವರು ಪೌರಕಾರ್ಮಿಕರ ಜಮಾದಾರ ಹುಲಗಪ್ಪನ ಮಂದಿಯೇ. ಹೊಸದು ಕೊಳ್ಳುವ ಮಾತು ಬಂದಾಗ ಅವನು ಹಟ ಹಿಡಿದ. ದೊಡ್ಡ ಮಷೀನು, ಸಣ್ಣ ಮಷೀನು ಎರಡನ್ನೂ ಮೀನು ಮಾರ್ಕೆಟ್ಟಿನ ಗಟಾರಕ್ಕೆ ಹಚ್ಚಿ ನೋಡಬೇಕು, ದಮ್ಮಿದ್ದದ್ದನ್ನೇ ತರಬೇಕು.

ಅದಕ್ಕೆಂದೇ ಒಂದು ತಿಂಗಳು ಆ ಗಟಾರವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮೀನು ಮಾರುವ ಹೆಂಗಸರ ಬೈಗುಳವನ್ನೆಲ್ಲ ನುಂಗಿಕೊಂಡ.

ಪರೀಕ್ಷೆಯ ದಿನ, ದೊಡ್ಡ ಮಷೀನಿನ ಲಾರಿಗೆ ದಾರಿ ತೋರಿಸಲು ನಸುಕಿನಲ್ಲೇ ಹೈವೇಗೆ ಹೋದ. ಅದನ್ನು ಕರೆದುಕೊಂಡು ಬರುವಷ್ಟರಲ್ಲಿ ಸಣ್ಣದು ಶುರುವಾಗಿತ್ತು. ಎರಡೇ ನಿಮಿಷ. ಪೈಪು ಗೊಳಗೊಳ ಎಂದಿತು, ಪುರಸಭೆ ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

"ಇದ ಸಾಕು. ಆ ಆನಿ ತಗೊಂಡು ಏನ್ ಮಾಡೂದೈತಿ?"

ಹುಲಗಪ್ಪನಿಗೆ ಮೈಯೆಲ್ಲ ಉರಿಯಿತು. "ಸಾಧ್ಯನ ಇಲ್ರಿ ಸಾಹೇಬ್ರ! ನಿನ್ನೆ ಸಂಜಿಕ ಮೊಣಕಾಲಮಟ ಹೂಳಿತ್ರಿ!"

ಜನರನ್ನು ಸರಿಸಿ ಗಟಾರದೊಳಗೆ ಬಗ್ಗಿ ನೋಡಿದ. ತಳದ ಕಲ್ಲು ತೊಳೆದಿಟ್ಟ ಹಾಗಿತ್ತು. ಅಂಚಿನುದ್ದಕ್ಕೂ ಬ್ಲೀಚಿಂಗ್ ಪೌಡರು ರಂಗೋಲಿಯಂತೆ ಬಿದ್ದಿತ್ತು.

ಪುರಸಭೆಯ ಇಂಜಿನಿಯರು ಅವನ ಹೆಗಲ ಮೇಲೆ ಕೈಯಿಟ್ಟು, ಅಧ್ಯಕ್ಷರಿಗೆ ಕೇಳಿಸದ ಹಾಗೆ ಹೇಳಿದರು:

"ಅಧ್ಯಕ್ಷರು ಬಂದು ನಿಲ್ಲೂ ಜಾಗಾ ಹೊಲಸು ಇರಬಾರದಲ್ಲಪಾ. ಮುಂಜಾನೆ ಆರಕ್ಕ ನಿನ್ನ ಮಂದೀನ ಇಳಿಸಿ, ಹೂಳು ಪೂರಾ ಬಳಿಸಿ ತೆಗಿಸಿಬಿಟ್ಟೀನಿ."