ಅತಿಥಿಯ ತಟ್ಟೆ

ಇವನೊಂದಿಗೆ ರೊಟ್ಟಿ ಮುರಿಯುವುದೇ? ಕ್ರಿಸ್‌ಮಸ್ ಸಂಜೆ ಆ ತೆಳುರೊಟ್ಟಿಯನ್ನು ಹಂಚಿಕೊಂಡರೆ ಹಳೆಯ ತಪ್ಪುಗಳನ್ನೆಲ್ಲ ಕ್ಷಮಿಸಿದಂತೆ. ಕಮ್ಯುನಿಸ್ಟರ ಕಾಲದಲ್ಲಿ ತನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಈ ಭಾವ ಬೊಗುಮಿಲ್‌ನೇ ಎಂದು ಲುದ್ವಿಕ್‌ಗೆ ಮೊನ್ನೆಯಷ್ಟೇ ತಿಳಿದಿತ್ತು. ಅಂದಿನ ಕೈದಿ ಇಂದು ಮಂತ್ರಿ. ಈಗ ಅವನು ಬಾಯಿಬಿಟ್ಟರೆ ಅಕ್ಕನ ಸಂಸಾರ ಒಡೆದುಹೋಗುತ್ತಿತ್ತು.

“ಏನಪ್ಪಾ ಮಂತ್ರಿ, ಇಲ್ಲೂ ಭಾಷಣ ಯೋಚಿಸ್ತಿದ್ದೀಯಾ? ಬೀಟ್‌ರೂಟ್ ಸೂಪು ಆರಿಹೋಗ್ತಿದೆ, ಬೇಗ ಮುರೀರೋ!” ಎಂದು ಅಕ್ಕ ಹಲಿನಾ ರೇಗಿಸಿದಳು.

ಬೊಗುಮಿಲ್ ರೊಟ್ಟಿ ಚಾಚಿದ. ಅವನ ಕಣ್ಣು ಮಾತ್ರ, ಕರೆಯದೆ ಬರುವ ಅತಿಥಿಗೆಂದು ಪ್ರತಿವರ್ಷ ಇಡುವ ಖಾಲಿ ತಟ್ಟೆಯ ಮೇಲಿತ್ತು. “ನೀನು ಜೈಲಲ್ಲಿದ್ದಾಗ ಈ ತಟ್ಟೆ ಮುಂದೆ ಯಾರನ್ನೂ ಕೂರಿಸ್ಲಿಲ್ಲ ಕಣೋ. ಯಾರಾದ್ರೂ ಬಾಗಿಲು ತಟ್ಟಿದ್ರೆ ನೀನೇ ಅಂತ ಓಡ್ತಿದ್ದೆ. ತೆಗೆಯೋಕೆ ಮಾತ್ರ ಕೈ ಬರ್ತಿರ್ಲಿಲ್ಲ.”

ಲುದ್ವಿಕ್ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. “ಆರೋಗ್ಯವಾಗಿರು, ಭಾವ,” ಎಂದ. ತನಗೆಲ್ಲ ಗೊತ್ತೆಂದು ಅವನು ಎಂದೂ ಹೇಳಲಿಲ್ಲ.